ನಮ್ಮ ಮಾವ ಸಾಫ್ಟ್‌ವೇರ್ ಆರಿಸಿದ್ದು

ನಮ್ಮ ಸೋದರಮಾವ ಹೆಣ್ಣು ನೋಡಲು ಹೋದವನು, ಕೈಗೆ ಕೊಟ್ಟ ಚಹಾ ತಣಿಯುವುದರೊಳಗೆ ಅತ್ತೆಯನ್ನು ಒಪ್ಪಿಕೊಂಡು ಎದ್ದು ಬಂದನಂತೆ. ಜೀವಮಾನವಿಡೀ ಜೊತೆಗಿರಬೇಕಾದ ಹೆಂಡತಿಗೆ ಹತ್ತು ನಿಮಿಷ! ಅದೇ ಮನುಷ್ಯನಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಒಂದು ಸಾಫ್ಟ್‌ವೇರ್ ಆರಿಸಲು ಹನ್ನೊಂದು ತಿಂಗಳು. ಇದನ್ನು ಹೇಳಿದರೆ ಅತ್ತೆ ನಗುತ್ತಾಳೆ. “ನನ್ನ ಅಳತೆ ತೆಗೀಲಿಲ್ಲ ಅಲ್ಲಾ, ಅದೇ ಪುಣ್ಯ” ಎನ್ನುತ್ತಾಳೆ. ನನಗೆ ನಗು ಬರುವುದಿಲ್ಲ. ಯಾಕೆಂದರೆ ಆ ಸಾಫ್ಟ್‌ವೇರಿನ ಮುಂದೆ ಕೂರಬೇಕಾದವಳು ನಾನು!

ಅಂಕೋಲೆ ಹತ್ತಿರದ ಅವರ್ಸಾದಲ್ಲಿ ಹೆದ್ದಾರಿಯ ಬದಿಗೆ ಮಾವನ ಲೇತ್ ವರ್ಕ್‌ಶಾಪು. ಮೂರು ಹಳೇ ಲೇತು, ಒಂದು ಡ್ರಿಲ್ಲಿಂಗ್ ಮಷಿನ್ನು, ಒಂದು ವೆಲ್ಡಿಂಗ್ ಸೆಟ್ಟು, ಒಬ್ಬ ಮಾವ. ಇವುಗಳಲ್ಲಿ ಹೆಚ್ಚು ಸದ್ದು ಯಾವುದರದ್ದು ಎಂದು ಊರಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಕೇಣಿಯ ಮೀನುಗಾರರ ಬೋಟುಗಳ ಶಾಫ್ಟು, ಅಕ್ಕಿ ಗಿರಣಿಯ ಬುಶ್ಶು, ಕಬ್ಬಿನ ಹಾಲು ಮಾರುವ ಗಾಡಿಯ ಹಲ್ಲುಚಕ್ರ, ಏನೇ ಮುರಿದು ಬರಲಿ, ಮೊದಲು ತಂದವನಿಗೆ ಬೈಗುಳ, ಆಮೇಲೆ ತಂದದ್ದಕ್ಕೆ ರಿಪೇರಿ. ಕಾರವಾರದ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ನಾನು ಮೂರು ವರ್ಷದಿಂದ ಹಟ್ಟಿಕೇರಿಯ ನಮ್ಮ ಮನೆಯಿಂದ ಸ್ಕೂಟಿಯಲ್ಲಿ ಬಂದು ಇಲ್ಲಿ ದುಡಿಯುತ್ತಿದ್ದೇನೆ. ಗಿರಾಕಿ ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ನಕ್ಷೆ ಮಾಡುವುದು ನನ್ನ ಕೆಲಸ. ಮಾವ ಹೇಳಿದ್ದನ್ನು ಗಿರಾಕಿಗೆ ಹೇಳಬಹುದಾದ ಭಾಷೆಗೆ ತರುವುದೂ ನನ್ನದೇ. ಎರಡನೆಯದಕ್ಕೆ ಡಿಪ್ಲೊಮಾ ಸಾಲದು.

ಕಳೆದ ಆಗಸ್ಟಿನಲ್ಲಿ ಮಾವ ಬೆಳಗಾವಿಯಿಂದ ಲಾರಿಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಸಿಎನ್‌ಸಿ ಮಷಿನ್ ತಂದ. ಕಂಪ್ಯೂಟರಿನಲ್ಲಿ ಬರೆದ ನಕ್ಷೆಯನ್ನು ಕೊಟ್ಟರೆ ತಾನೇ ಲೋಹ ಕೊರೆದು ಕೊಡುವ ಮಷಿನ್ ಅದು. ಕಾಯಿ ಒಡೆದೆವು, ನಿಂಬೆಹಣ್ಣು ಕೊಯ್ದೆವು, ದಾಸವಾಳ ಏರಿಸಿದೆವು. ಆಮೇಲೆ ಬೇಕಾದದ್ದು ನಕ್ಷೆ ಬರೆಯುವ ಸಾಫ್ಟ್‌ವೇರ್ ಒಂದೇ. ಅದಿಲ್ಲದೆ ನಾನು ಮಷಿನ್ನಿನ ಗುಂಡಿ ಒತ್ತಿ ಒಂದೊಂದೇ ಅಂಕಿ ಹಾಕಿ ನಾಲ್ಕು ತೂತು ಕೊರೆಸಬಲ್ಲೆ. ಬಾಗು, ತಿರುವು ಏನಾದರೂ ಇದ್ದರೆ ಕೈಮುಗಿಯಬೇಕು. ಹೀಗೆ ನಮ್ಮ ಸಿಎನ್‌ಸಿ ನೀಲಿ ತಾಡಪತ್ರಿ ಹೊದ್ದು ಮಲಗಿತು. ಅದರಡಿಗೆ ಬೆಕ್ಕೊಂದು ಎರಡು ಬಾರಿ ಮರಿ ಹಾಕಿತು. ಹನ್ನೊಂದು ತಿಂಗಳಲ್ಲಿ ಆ ಮಷಿನ್ನಿನಿಂದಾದ ಉತ್ಪಾದನೆ ಅಷ್ಟೇ!

ನನಗೇನು ಬೇರೆ ಗತಿ ಇರಲಿಲ್ಲವೇ? ಇತ್ತು ಸ್ವಾಮಿ, ಇತ್ತು. ಕಾರವಾರದ ಒಂದು ಕಂಪನಿಯವರು ಎರಡು ಸಲ ಫೋನ್ ಮಾಡಿ ಕರೆದಿದ್ದರು. ಎಸಿ ಕೋಣೆ, ಗೋಡೆಯಷ್ಟು ಅಗಲದ ಪರದೆ, ಕಲಿತ ವಿದ್ಯೆಗೆ ತಕ್ಕ ಕೆಲಸ. ನಾನು ಜೂನ್ ತಿಂಗಳಲ್ಲಿ ಮಾವನ ಎದುರು ನಿಂತು ಹೇಳಿಬಿಟ್ಟೆ: “ಮಳೆಗಾಲದಲ್ಲಿ ಮೀನು ಹಿಡಿಯೂ ಬಂದಿ ಮುಗ್ದು ಬೋಟು ಕಡಲಿಗೆ ಇಳಿಯೂದ್ರ ಒಳಗೆ ಸಾಫ್ಟ್‌ವೇರ್ ಬರ್ಬೇಕು ಮಾವ. ಇಲ್ಲಂದ್ರೆ ನಾ ಕಾರವಾರಕ್ಕೆ ಹೋತೆ.” ಅವನು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿ, “ಹೋಗೂಕೆ ಮೊದ್ಲು ಆ ಗ್ರೀಸ್ ಡಬ್ಬಿ ಮುಚ್ಚಿ ಹೋಗು” ಎಂದ.

ಮಾವನ ಅಳತೆಯ ಹುಚ್ಚಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅವನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ವರ್ನಿಯರ್ ಇರುತ್ತದೆ, ಹರೆಯದಲ್ಲಿ ಹುಬ್ಬಳ್ಳಿಯ ಒಂದು ಶಾಪಿನಲ್ಲಿ ದುಡಿಯುತ್ತಿದ್ದಾಗಿನದು. ಕೂದಲೆಳೆಯ ದಪ್ಪವನ್ನೂ ಹೇಳುವ ಉಕ್ಕಿನ ಅಳತೆಗೋಲು ಅದು. ಮದುವೆಮನೆಗೂ ಅದು ಬರುತ್ತದೆ. ನನ್ನ ಚಿಕ್ಕಮ್ಮನ ಮಗಳ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು, ಎಲೆಗೆ ಬಿದ್ದ ಎರಡು ಹೋಳಿಗೆಗಳ ದಪ್ಪ ನೋಡಿ, ಅಡುಗೆಯವನನ್ನು ಕರೆಸಿ, “ಎರಡೂ ಒಂದೇ ಕೈಯ್ಯಂದಾ?” ಎಂದು ಕೇಳಿದ! ಅಂಕೋಲೆಯ ಮೀನುಪೇಟೆಯಲ್ಲಿ ಒಮ್ಮೆ ಬಂಗಡೆಯ ಬೆನ್ನಿಗೆ ವರ್ನಿಯರ್ ಹಾಕಿದ. ಬುಟ್ಟಿಯ ಹಿಂದೆ ಕೂತವಳು ಸುಮ್ಮನಿರುವ ಪೈಕಿಯೇ? “ಏ ಅಣ್ಣಾ, ಮೀನು ಅಳೂದು ಕಣ್ಣಲ್ಲಿ, ಇಕ್ಕಳದಲ್ಲಲ್ಲ! ಶಾಫ್ಟ್ ಬೇಕಾದ್ರೆ ನಿನ್ನ ಅಂಗಡೀಗೆ ಹೋಗು” ಎಂದು ಇಡೀ ಪೇಟೆಗೆ ಕೇಳುವಂತೆ ಕೂಗಿದಳು. ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಾನು. ಮುಖ ಎಲ್ಲಿಡಲಿ ಹೇಳಿ?

ಶಾಪಿನಲ್ಲಿ ಈ ವರ್ನಿಯರಿಗೆ ಒಂದು ಕಟ್ಟಳೆಯುಂಟು. ಲೇತು ಮಾವನದು, ಲೇತಿಗೆ ಹಾಕುವ ಟೂಲು ಮಾವನದು, ಕರೆಂಟು ಬಿಲ್ಲು ಮಾವನದು. ವರ್ನಿಯರ್ ಮಾತ್ರ ಕೆಲಸಗಾರನದು. ಲೇತ್ ನಡೆಸುವ ಒಬ್ಬ ಟರ್ನರ್ ಯಾರ ಸಹಾಯವೂ ಇಲ್ಲದೆ ತನ್ನ ಮೊದಲ ಶಾಫ್ಟನ್ನು ಅಳತೆಗೆ ಸರಿಯಾಗಿ ತಿರುಗಿಸಿ ಕೊಟ್ಟ ದಿನ ಮಾವ ಅವನಿಗೆ ಹೊಸ ವರ್ನಿಯರ್ ಕೊಡುತ್ತಾನೆ, ಅದರ ಬೆನ್ನಿಗೆ ಅವನ ಹೆಸರನ್ನು ತಾನೇ ಮೊಳೆಯಂಥ ಚೂಪು ಉಳಿಯಿಂದ ಕೆತ್ತಿ. ಸಂಜೆ ಎಲ್ಲರೂ ತಂತಮ್ಮ ವರ್ನಿಯರನ್ನು ಮರದ ಪೆಟ್ಟಿಗೆಗೆ ಹಾಕಿ ಗೋಡೆಯ ಹಲಗೆಯ ಮೇಲೆ ಇಟ್ಟು ಹೋಗುತ್ತಾರೆ. ಯಾವನಾದರೂ ಪೆಟ್ಟಿಗೆಯನ್ನು ಮನೆಗೆ ಒಯ್ದನೆಂದರೆ ನಾಳೆಯಿಂದ ಅವನು ಬರುವುದಿಲ್ಲ ಎಂದೇ ಅರ್ಥ. ಅದಕ್ಕೇ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮಾವ ದೇವರ ಫೋಟೋಕ್ಕೂ ಮೊದಲು ಹಲಗೆ ನೋಡುತ್ತಾನೆ. ಮೂವರು ಟರ್ನರುಗಳದ್ದು, ತನ್ನ ಖಾಲಿ ಪೆಟ್ಟಿಗೆಯೂ ಸೇರಿ ನಾಲ್ಕು ಇದ್ದರೆ ಮಾತ್ರ ಊದುಬತ್ತಿ.

ಒಮ್ಮೆ ಬೊಮ್ಮಯ್ಯ ಎಂಬ ಟರ್ನರ್ ಮಾವನ ಜೊತೆ ಜಗಳ ಮಾಡಿ, ಸ್ಪಾನರ್ ಎಸೆದು, ಗೋವಾದ ಬಸ್ಸು ಹತ್ತಿದ. ಸಿಟ್ಟಿನಲ್ಲಿ ಪೆಟ್ಟಿಗೆ ಒಯ್ಯಲು ಮರೆತಿದ್ದ. ಮಾವ ಅದನ್ನು ಹಿಡಿದು ಬೈಕ್ ಹತ್ತಿ ಬಸ್ಸಿನ ಬೆನ್ನುಹತ್ತಿದನಲ್ಲ! ಬಸ್ಸಿಗೆ ಅಡ್ಡ ನಿಲ್ಲಿಸಿ, ಕಿಟಕಿಯಿಂದ ಪೆಟ್ಟಿಗೆ ತುರುಕಿ, “ಬಿಟ್ಟು ಹೋತ್ಯಾ? ಇದಿಲ್ದೆ ಅಲ್ಲಿ ಎಂತಾ ಮಾಡ್ತೆ, ತೆಂಗಿನಕಾಯಿ ಸುಲಿತ್ಯಾ?” ಎಂದು ಬೈದು, ಶಾಪಿನಲ್ಲಿ ಬಾಕಿ ಉಳಿದಿದ್ದ ಬೈಗುಳವನ್ನೂ ಅಲ್ಲಿಯೇ ಮುಗಿಸಿದನಂತೆ. ಬಸ್ಸಿನವರೆಲ್ಲ ಇವರು ತಂದೆ ಮಗ ಎಂದುಕೊಂಡರಂತೆ.

ಈಗ ನನ್ನ ಸಿಟ್ಟಿನ ಬುಡಕ್ಕೆ ಬರುತ್ತೇನೆ. ಮೂರು ವರ್ಷವಾದರೂ ನನಗೆ ವರ್ನಿಯರ್ ಕೊಟ್ಟಿಲ್ಲ. ನಾನು ಬರೆದ ನಕ್ಷೆಯಲ್ಲಿ ಎಷ್ಟೋ ಶಾಫ್ಟುಗಳು ತಿರುಗಿ, ಬೋಟು ಹತ್ತಿ, ಕಡಲು ನೋಡಿ ಬಂದವು. ಆದರೂ ನಾನು ಅಳತೆ ತೆಗೆಯಬೇಕಾದರೆ ಮಾವನ ಕಿಸೆಯ ಮುಂದೆ ಕೈಚಾಚಬೇಕು. ಒಮ್ಮೆ ನಾಚಿಕೆ ಬಿಟ್ಟು ಕೇಳಿದೆ. “ನಿಂಗೆ ವರ್ನಿಯರ್ ಎಂತಕ್ಕೆ ತಂಗಿ?” ಎಂದ. ಎಂತಕ್ಕೆ! ಹೆಣ್ಣು ಹುಡುಗಿ, ಅಕ್ಕನ ಮಗಳು, ಇಂದಲ್ಲ ನಾಳೆ ಮದುವೆಯಾಗಿ ಹೋಗುವವಳು, ಅದಕ್ಕೆ ತಾನೇ? ಬಾಯಿಬಿಟ್ಟು ಹೇಳಲಿಲ್ಲ, ನನಗೆ ಹಾಗೇ ಕೇಳಿಸಿತು. ಅಂದು ಊಟದ ಡಬ್ಬಿಯನ್ನು ತೆರೆಯದೇ ಮನೆಗೆ ಒಯ್ದೆ.

ಸಾಫ್ಟ್‌ವೇರ್ ಮಾರುವವರು ಒಬ್ಬೊಬ್ಬರಾಗಿ ಬಂದರು. ಕಂಪನಿಗಳ ಹೆಸರು ಹೇಳುವುದಿಲ್ಲ. ಅವರು ನನಗೆ ಈಗಲೂ ಫೋನ್ ಮಾಡುತ್ತಾರೆ.

ಮೊದಲು ಬಂದವನು ಬೆಳಗಾವಿಯಿಂದ, ಸೆಕೆಯಲ್ಲೂ ಟೈ ಕಟ್ಟಿದವನು. ಮಾವ ಅವನ ಕೈಗೆ ಒಂದು ಹಿತ್ತಾಳೆ ಚಕ್ರ ಇಟ್ಟ. ಕೇಣಿಯ ಒಂದು ಬೋಟಿನ ತಾಂಡೇಲ, ಅಂದರೆ ಬೋಟಿನ ಮುಖ್ಯಸ್ಥ, ತಂದುಕೊಟ್ಟದ್ದು, ಎಂಜಿನ್ನಿಗೆ ಸಮುದ್ರದ ನೀರು ಎಳೆಯುವ ಪಂಪಿನ ಚಕ್ರ ಅದು. ಬಾಗಿದ ಆರು ರೆಕ್ಕೆ, ಆರೂ ಉಪ್ಪುನೀರಿಗೆ ಸವೆದು ಹೋಗಿದ್ದವು. “ಇದ್ನ ಬರಿ ನೋಡ್ವಾ” ಎಂದ. ಆತ ಒಂದು ಯಂತ್ರದಿಂದ ಬೆಳಕು ಬಿಟ್ಟು ಚಕ್ರದ ಸುತ್ತ ತಿರುಗಿಸಿದ. ಪರದೆಯ ಮೇಲೆ ಚಕ್ರ ಹಾಗೆಯೇ ಮೂಡಿತು. ತಿರುಗಿಸಿದ, ಮಗುಚಿದ, ಬಣ್ಣ ಬದಲಿಸಿದ. ನಾನು ಕತ್ತು ಚಾಚಿ ನೋಡುತ್ತಿದ್ದೆ. ಮಾವ ವರ್ನಿಯರ್ ತೆಗೆದು ಚಕ್ರವನ್ನೂ ಪರದೆಯ ಅಂಕಿಯನ್ನೂ ತಾಳೆ ನೋಡಿದ. ಸರಿಯಾಗಿತ್ತು. ಸರಿಯಾಗಿದ್ದದ್ದೇ ತಪ್ಪಾಯಿತು!

“ಇದು ಸವೆದ ಚಕ್ರ ಅಲ್ವೋ? ಸವ್ಕಳಿನೂ ಹಂಗೇ ಬರ್ದಿದ್ಯಲ್ಲೊ! ನಾ ತಾಂಡೇಲಂಗೆ ಹೊಸಾದು ಮಾಡ್ಕೊಡೂದಾ, ಹಳೇದು ಮಾಡ್ಕೊಡೂದಾ?”

“ಸರ್, ಕೊಟ್ಟದ್ದನ್ನ ತಾನೆ ಬರಿಯೋದು...”

“ಅಷ್ಟಕ್ಕೆ ಇಲ್ಲಿ ಫೋಟೋ ಸ್ಟುಡಿಯೋ ಉಂಟು.”

ಎರಡನೆಯವರು ಹುಬ್ಬಳ್ಳಿಯಿಂದ, ಜುಲೈ ತಿಂಗಳ ಸುರಿಮಳೆಯಲ್ಲಿ. ಇವರ ಸಾಫ್ಟ್‌ವೇರು ನಮ್ಮ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲವಂತೆ. ಎಲ್ಲೋ ದೂರದಲ್ಲಿ ಇದ್ದು ಇಂಟರ್ನೆಟ್ಟಿನ ಮೂಲಕ ನಡೆಯುತ್ತದಂತೆ. ಮಳೆಗೆ ಅವರ್ಸಾದಲ್ಲಿ ಮನುಷ್ಯನ ಮಾತೇ ಆಚೆಮನೆಗೆ ಮುಟ್ಟುವುದಿಲ್ಲ, ಇನ್ನು ನೆಟ್ಟು! ಪರದೆಯ ಮಧ್ಯೆ ಒಂದು ಬಳೆ ಸುತ್ತತೊಡಗಿತು. ಸುತ್ತಿತು, ಸುತ್ತಿತು. ಬಂದವರು ಬೆವರು ಒರೆಸಿಕೊಂಡರು. ಮಾವ ಕುರ್ಚಿ ಎಳೆದು ಕೂತು ಅದನ್ನು ಅರ್ಧ ಗಂಟೆ ಗಂಭೀರವಾಗಿ ನೋಡಿದ. ಕೊನೆಗೆ ಹೇಳಿದ: “ನನ್ನ ಲೇತಿಗಿಂತ ಚಂದ ತಿರಗ್ತದೆ. ಆದ್ರೆ ಚೂರೂ ಕಬ್ಬಿಣ ಕೊರೆಯೂದಿಲ್ಲ.”

ಇವೆಲ್ಲ ತಕ್ಕಮಟ್ಟಿಗೆ ನ್ಯಾಯವೇ. ನಾನೂ ಒಪ್ಪಿದೆ. ಆದರೆ ಪ್ರತಿಯೊಬ್ಬರಿಗೂ ಕೊನೆಯಲ್ಲಿ ಅವನು ಒಂದು ಪ್ರಶ್ನೆ ಕೇಳುತ್ತಿದ್ದ. ಅದನ್ನು ಕೇಳುವಾಗ ನನ್ನತ್ತ ಒಮ್ಮೆ ನೋಡುತ್ತಿದ್ದ, ಅದೂ ಕಳ್ಳನೋಟ.

“ಇದ್ರಲ್ಲಿ ಕೆಲ್ಸಾ ಮಾಡೂ ಜನ ನಾಳೆ ಶಾಪು ಬಿಟ್ಟು ಹೋದ್ರೆ?”

ಈ ಪ್ರಶ್ನೆ ಬಂದ ಕೂಡಲೇ ಮಾರುವವರ ಮುಖ ಅರಳುತ್ತಿತ್ತು. ಎಲ್ಲ ಮಾಲೀಕರೂ ಕೇಳುವ ಪ್ರಶ್ನೆಯಂತೆ! “ಏನೂ ಹೆದರಬೇಡಿ ಸರ್. ಲೈಸೆನ್ಸು ನಿಮ್ಮ ಶಾಪಿನ ಹೆಸರಿಗೆ. ಹೋಗುವವರು ಒಂದು ಗೆರೆಯನ್ನೂ ಒಯ್ಯೋಕ್ಕಾಗಲ್ಲ.” ಮಾವ ತಲೆ ಅಲ್ಲಾಡಿಸಿ, “ಆತು. ಚಾ ಕುಡ್ಕಂಡು ಹೋಗಿ” ಎನ್ನುತ್ತಿದ್ದ. ಮಾವನ ಭಾಷೆಯಲ್ಲಿ ಅದು ತಿರಸ್ಕಾರ. ಬೆಳಗಾವಿಯವನಿಗೆ ಚಹಾ, ಹುಬ್ಬಳ್ಳಿಯವರಿಗೆ ಚಹಾ, ಕುಮಟೆಯಿಂದ ಬಂದ ಮತ್ತೊಬ್ಬನಿಗೆ ಚಹಾ ಮತ್ತು ಒಂದು ಬಿಸ್ಕೀಟು. ಎದುರಿನ ಹೋಟೆಲಿನವನು ಮಾತ್ರ ಆ ವರ್ಷ ಚೆನ್ನಾಗಿ ವ್ಯಾಪಾರ ಮಾಡಿದ.

ನನಗೆ ಉರಿದುಹೋಯಿತು. ಬಿಟ್ಟು ಹೋಗುವ ಜನ ಯಾರು? ನಾನೇ ತಾನೇ? ಮಾವನಿಗೆ ಅಷ್ಟೂ ಭರವಸೆ ಸಾಲದೇ? ಒಂದು ಗೆರೆಯನ್ನೂ ಒಯ್ಯಲು ಬಿಡುವುದಿಲ್ಲ ಎಂದವರನ್ನೂ ನಂಬದೆ ಇನ್ನೂ ಬಿಗಿಯಾದ ಬೀಗ ಹುಡುಕುತ್ತಿದ್ದಾನೆ! ನಾನೇನು ಕಳ್ಳಿಯೇ? ನನ್ನ ಜೊತೆ ಓದಿದವನೊಬ್ಬನ ಹತ್ತಿರ ಇಂಥ ಸಾಫ್ಟ್‌ವೇರಿನ ಕದ್ದ ಪ್ರತಿ ಪೆನ್‌ಡ್ರೈವಿನಲ್ಲಿತ್ತು. ರೋಸಿಹೋಗಿ ಅದನ್ನು ತಂದು ಮೇಜಿನ ಮೇಲೆ ಇಟ್ಟೆ. “ಇದು ಪುಕ್ಕಟೆ. ಯಾರೂ ಕೇಳೂದಿಲ್ಲ. ನಾಳೆಯಿಂದ ಕೆಲ್ಸ ಸುರು ಮಾಡ್ವ” ಎಂದೆ. ಮಾವ ಅದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹಲ್ಲಿಯನ್ನು ಹಿಡಿದಂತೆ ಹಿಡಿದು, ನನ್ನ ಅಂಗೈಗೆ ಹಾಕಿದ.

“ಬೇರೆಯವ್ನ ವರ್ನಿಯರ್ ಕದ್ದು ತಂದ್ರೆ ಅಳತೆ ಸರಿ ಬತ್ತದಾ?”

“ಬತ್ತದೆ! ಉಕ್ಕಿಗೆಂತಾ ಗೊತ್ತು ಯಾರ್ದು ಹೇಳಿ?”

“ಉಕ್ಕಿಗೆ ಗೊತ್ತಿಲ್ಲ. ಕೈಗೆ ಗೊತ್ತಿರ್ತದೆ.”

ಪೆನ್‌ಡ್ರೈವನ್ನು ಚೀಲಕ್ಕೆ ಎಸೆದೆ. ಅಂದೇ ಕಾರವಾರದ ಕಂಪನಿಗೆ ಫೋನ್ ಮಾಡಿ, ತಿಂಗಳ ಕೊನೆಯ ದಿನ ತಪ್ಪದೆ ಉತ್ತರ ಹೇಳುತ್ತೇನೆ ಎಂದೆ.

ತಿಂಗಳ ಕೊನೆಯ ದಿನ ಬಂದೇ ಬಂತು. ಬೋಟುಗಳು ಮರುದಿನದಿಂದ ಕಡಲಿಗೆ. ಹಿತ್ತಾಳೆ ಚಕ್ರದ ಧಣಿ, ಕೇಣಿಯ ತಾಂಡೇಲ, ಬೆಳಿಗ್ಗೆಯೇ ಬಂದು ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. “ಚಕ್ರ ಆಗದೆ ಏಳೂದಿಲ್ಲ ಬಾಬಾ” ಎಂದು ಹಟ. ಮೂಲೆಯಲ್ಲಿ ಗೋವಾದಿಂದ ಬಂದ ಒಬ್ಬ ವಯಸ್ಸಾದ ಮಾರಾಟಗಾರ ತನ್ನ ಹಳೇ ಕಂಪ್ಯೂಟರ್ ಬಿಚ್ಚುತ್ತಿದ್ದ. ನನಗೆ ಆಸೆ ಹೊರಟುಹೋಗಿತ್ತು. ಮಾವ ನನ್ನನ್ನು ಕರೆದು, “ಅಂಕೋಲೆಗೆ ಹೋಗಿ ಆ ಗಿರಣಿಯ ಬುಶ್ ಕೊಟ್ಟು ಬಾ” ಎಂದ. ಈ ದಿನವೂ! ನಾನು ಬುಶ್ ಎತ್ತಿಕೊಂಡು ಸ್ಕೂಟಿ ಒದ್ದೆ. ದಾರಿಯುದ್ದಕ್ಕೂ ಮಳೆ, ಕಣ್ಣಲ್ಲಿಯೂ ಸ್ವಲ್ಪ. ತಿರುಗಿ ಬಂದವಳೇ ಕೆಲಸ ಬಿಡುತ್ತೇನೆ ಎಂದು ಹೇಳಿಬಿಡುವುದು! ಆ ಮಾತನ್ನು ಅಂಕೋಲೆ ಮುಟ್ಟುವುದರೊಳಗೆ ಮೂರು ಸಲ ಬಾಯಿಪಾಠ ಮಾಡಿಕೊಂಡೆ.

ತಿರುಗಿ ಬಂದಾಗ ಗೋವಾದ ಅಜ್ಜ ನೆಲದ ಮೇಲೆ ಬಾಳೆಲೆಯ ಮುಂದೆ ಕೂತು ಮೀನಿನ ಸಾರು, ಅನ್ನ ಉಣ್ಣುತ್ತಿದ್ದ. ಅತ್ತೆ ಮನೆಯಿಂದ ತಂದು ಬಡಿಸುತ್ತಿದ್ದಳು. ಚಹಾ ಅಲ್ಲ, ಊಟ! ಹನ್ನೊಂದು ತಿಂಗಳಲ್ಲಿ ಯಾರಿಗೂ ಸಿಗದ ಮರ್ಯಾದೆ. ನಾನು ಬಾಗಿಲಲ್ಲೇ ನಿಂತೆ.

ಅಜ್ಜ ತುತ್ತಿನ ಮಧ್ಯೆ ನನ್ನನ್ನು ನೋಡಿ, ಕೊಂಕಣಿ ಬೆರೆತ ಕನ್ನಡದಲ್ಲಿ ಹೇಳಿದ: “ನಿಮ್ಮ ಮಾಮಾಗೆ ನಾನು ಮೊದ್ಲೇ ಹೇಳಿದ್ದೆ ಮಗಳೇ. ಇದು ಹಳೇ ಪದ್ಧತಿ ಸಾಮಾನು. ನೆಟ್ಟು ಬೇಡ, ಸವ್ದದ್ದನ್ನ ಬೇಕಾದಂಗೆ ಬೆಳೆಸ್ಲಿಕ್ಕೆ ಬರ್ತದೆ, ಒಂದ್ಸಲ ತಕೊಂಡ್ರೆ ಆಯ್ತು. ಆದ್ರೆ ಒಂದು ದೋಷ ಉಂಟು. ಕಂಪ್ಯೂಟರಿಗೆ ಚುಚ್ಚೂದು ಒಂದು ಚಾವಿ ಬರ್ತದೆ, ಬೆರಳಿನಷ್ಟು. ಆ ಚಾವಿ ಯಾರ ಕೈಯಲ್ಲಿ ಇರ್ತದೋ ಸಾಫ್ಟ್‌ವೇರ್ ಅವರದ್ದು. ಕೆಲಸದವ್ರು ಕಿಸೆಗೆ ಹಾಕ್ಕೊಂಡು ಹೋದ್ರೆ ಮಾಲೀಕ ಖಾಲಿ. ಅದಕ್ಕೆ ಯಾರೂ ತಕೊಳ್ಳೂದಿಲ್ಲ. ಈ ಮನುಷ್ಯ ಅದನ್ನ ಕೇಳಿ ‘ಊಟ ಮಾಡಿ’ ಹೇಳ್ತಾನೆ! ತಲೆ ಸರಿ ಉಂಟಾ?”

ನಾನು ಮಾವನ ಕಡೆ ತಿರುಗಿದೆ. ಅವನು ನನಗೆ ಬೆನ್ನು ಹಾಕಿ, ಬೆಳಕಿಗೆ ಬಾಗಿ ಏನನ್ನೋ ಕೆರೆಯುತ್ತಿದ್ದ. ಊದಿದ, ಅಂಗಿಯ ತುದಿಯಿಂದ ಒರೆಸಿದ. ಆಮೇಲೆ ಬಂದು ನನ್ನ ಕೈಗೆ ಒಂದು ಮರದ ಪೆಟ್ಟಿಗೆ ತುರುಕಿದ. ಹಲಗೆಯ ಮೇಲಿನ ನಾಲ್ಕರಂಥದೇ ಇನ್ನೊಂದು. ತೆರೆದೆ. ವರ್ನಿಯರ್ ಮಲಗುವ ಉದ್ದನೆಯ ಕೆಂಪು ಬಟ್ಟೆಯ ಕುಳಿಯಲ್ಲಿ ಆ ಬೆರಳುದ್ದದ ಚಾವಿ ಆಚೀಚೆ ಉರುಳಾಡುತ್ತಿತ್ತು. ಅದರ ಬೆನ್ನಿಗೆ, ಜಾಗ ಸಾಲದೆ ಕೊನೆಯ ಅಕ್ಷರ ಸ್ವಲ್ಪ ಕೆಳಗೆ ಜಾರಿ, ನನ್ನ ಹೆಸರು.

“ಮಾವ, ಎಂತದು ಇದು?”

“ಎಂತದು ಕೇಳ್ತ್ಯಲ್ಲೆ! ಮಷಿನ್ ನಂದು. ಅಳತೆ ಸಾಮಾನು ಕೆಲ್ಸಾ ಮಾಡೂರದ್ದು. ನಿನ್ನ ಕೆಲ್ಸಕ್ಕೆ ವರ್ನಿಯರ್ ಕೊಟ್ರೆ ಎಂತಾ ಉಪಯೋಗ? ನಿಂಗೆ ಬೇಕಾದ್ದು ಇದು. ಆ ಟೈ ಕಟ್ದವ್ರೆಲ್ಲ ಬಂದು ‘ಹೋಗೂರಿಗೆ ಒಂದು ಗೆರೆನೂ ಒಯ್ಯೂಕೆ ಬರೂದಿಲ್ಲ’ ಹೇಳ್ತ್ರು. ನಾ ಹುಬ್ಬಳ್ಳಿ ಶಾಪು ಬಿಟ್ಟು ಬರೂವಾಗ ಒಂದು ವರ್ನಿಯರ್ ಆದ್ರೂ ಕಿಸೆಯಲ್ಲಿ ಇತ್ತು. ನೀ ಬರೀ ಕೈಲಿ ಹೋಗೂದಾ?” ಅಷ್ಟು ಹೇಳಿ ಧ್ವನಿ ಏರಿಸಿದ: “ಕಾರವಾರಕ್ಕೆ ಹೋತ್ಯೇನ? ತಕಂಡು ಹೋಗು. ಬಿಟ್ಟು ಹೋದ್ರೆ ಮತ್ತೆ ನಾ ಬಸ್ ಅಡ್ಡ ಹಾಕ್ಬೇಕು!”

ಬಾಯಿಪಾಠ ಮಾಡಿದ ಮಾತು ಒಂದೂ ನೆನಪಾಗಲಿಲ್ಲ. ನನಗೆ ಅಳು ಬಂತು, ಎಲ್ಲರೆದುರೇ ಅತ್ತುಬಿಟ್ಟೆ. ಮೂರು ವರ್ಷದ ಸಿಟ್ಟನ್ನು ಇಂಥ ಮನುಷ್ಯನ ಮೇಲೆ ಖರ್ಚು ಮಾಡಿದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಒಂದು ಮಾತು ಮೊದಲೇ ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು ಎಂದು ಅವನ ಮೇಲೆಯೂ ಬಂತು. ಬೆಂಚಿನ ಮೇಲಿನ ತಾಂಡೇಲ “ಅಳೂದು ಆದ್ಮೇಲೆ ನನ್ನ ಚಕ್ರದ ಕಡೆಗೂ ನೋಡ್ವಾ ತಂಗಿ” ಎಂದ.

ನೋಡಿದೆ. ಚಾವಿ ಚುಚ್ಚಿ ಕೂತು, ಸವೆದ ರೆಕ್ಕೆಗೆ ಸವೆದಷ್ಟನ್ನು ಸೇರಿಸಿ ಬರೆದೆ. ಎಷ್ಟು ಸವೆದಿದೆ ಎಂದು ಮಾವ ಹಿಂದೆ ನಿಂತು ಬೆರಳಿನಿಂದ ಹೇಳುತ್ತಾ ಹೋದ. ತಾಡಪತ್ರಿ ಎಳೆದಾಗ ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಬೈಯುತ್ತಾ ಹೊರಟಿತು. ಹೊತ್ತು ಮುಳುಗುವ ಮೊದಲು ತಾಂಡೇಲ ಹೊಸ ಚಕ್ರವನ್ನು ಪಂಚೆಯ ತುದಿಯಲ್ಲಿ ಸುತ್ತಿಕೊಂಡು ಕೇಣಿಗೆ ಹೋದ. ನಾನು ಕಾರವಾರಕ್ಕೆ ಫೋನ್ ಮಾಡಿ, ಬರುವುದಿಲ್ಲ ಎಂದು ಹೇಳಿದೆ. ಮಾವನಿಗೆ ಹೇಳಲಿಲ್ಲ. ಹನ್ನೊಂದು ತಿಂಗಳು ಬಾಯಿ ಬಿಡದವನಿಗೆ ಒಂದು ರಾತ್ರಿಯಾದರೂ ಕಾಯುವ ಶಿಕ್ಷೆ ಬೇಡವೇ?

ಮನೆಗೆ ಹೊರಡುವಾಗ ಮಾವ ಮುಖ ತೊಳೆಯಲು ಹಿಂದಕ್ಕೆ ಹೋಗಿದ್ದ. ಪೆಟ್ಟಿಗೆಯನ್ನು ಹಲಗೆಯ ಮೇಲೆ, ಅವನ ಪೆಟ್ಟಿಗೆಗೆ ತಾಗಿಸಿ ಇಟ್ಟು ಬಂದೆ.

ಮರುದಿನ ಮಳೆಗೆ ಸಿಕ್ಕಿ ಶಾಪು ಮುಟ್ಟುವಾಗ ಕಾಲು ಗಂಟೆ ತಡವಾಗಿತ್ತು. ಬೈಗುಳಕ್ಕೆ ಸಿದ್ಧಳಾಗಿಯೇ ಒಳಗೆ ಕಾಲಿಟ್ಟೆ. ಮಾವ ಹಲಗೆಯ ಮುಂದೆ ನಿಂತಿದ್ದ. ಕೈಯಲ್ಲಿ ಊದುಬತ್ತಿ ಅರ್ಧ ಉರಿದು ಹೋಗಿತ್ತು, ಇನ್ನೂ ದೇವರ ಫೋಟೋಕ್ಕೆ ತೋರಿಸಿರಲಿಲ್ಲ. ಐದು ಪೆಟ್ಟಿಗೆಗಳನ್ನು ಎಷ್ಟನೆಯ ಸಲವೋ ಎಣಿಸುತ್ತಿದ್ದ.